ರಸೀದಿಯಲ್ಲಿ ಇಬ್ಬರ ಹೆಸರು

ವಿದ್ಯಾರಣ್ಯಪುರಂನಲ್ಲಿರೋ ನನ್ನ ಗೆಳತಿ ಗಂಡನಿಂದ ಬೇರೆಯಾಗಿ ಎರಡು ವರ್ಷ ಆಯ್ತು. ಗೇಟಿನ ಮೇಲಿದ್ದ ಇಬ್ಬರ ಹೆಸರಿನ ಫಲಕ ಬಿಚ್ಚಿಟ್ಟಿದ್ದಾಳೆ, ಸ್ಕ್ರೂ ತೂತುಗಳು ಹಾಗೇ ಇವೆ. ಮನೆ ಸಾಲದ ಮೆಸೇಜು ಮಾತ್ರ ಇವತ್ತಿಗೂ ಇಬ್ಬರ ಫೋನಿಗೂ ಬರುತ್ತೆ.

"ಕಂತು ಕಟ್ತೀನಿ ಅಂತ ಅವರು ಕೋರ್ಟಲ್ಲೇ ಒಪ್ಪಿದ್ದಾರೆ ಕಣೇ" ಅಂತ ನಂಬಿಕೊಂಡಿದ್ದಳು. ಅವರು ನಿಲ್ಲಿಸಿದರು, ಬ್ಯಾಂಕಿನವರು ಇವಳನ್ನು ಹಿಡಿದುಕೊಂಡರು. ಗಂಡ ಹೆಂಡತಿಯ ಒಪ್ಪಂದ ಬ್ಯಾಂಕನ್ನು ಕಟ್ಟಿಹಾಕಲ್ಲ. 1872ರ ಕರಾರು ಕಾಯ್ದೆಯ 43ನೇ ಕಲಂ ಪ್ರಕಾರ, ಜಂಟಿ ಸಾಲಗಾರರಲ್ಲಿ ಯಾರೊಬ್ಬರಿಂದ ಬೇಕಾದರೂ ಪೂರ್ತಿ ಹಣ ಕೇಳಬಹುದು. ಕಟ್ಟಿದವರು ಇನ್ನೊಬ್ಬರ ಪಾಲು ವಸೂಲಿ ಮಾಡಿಕೊಳ್ಳಬಹುದು, ನಿಜ. ಅದಕ್ಕೆ ಮತ್ತೆ ಕೋರ್ಟು, ಮತ್ತೆ ವಕೀಲರ ಫೀಸು. 90 ದಿನ ದಾಟಿ ಬಾಕಿ ಉಳಿದರೆ ಬ್ಯಾಂಕಿನ ಲೆಕ್ಕದಲ್ಲಿ ಅದು ಕೆಟ್ಟ ಸಾಲ, ಎನ್‌ಪಿಎ. ಸಿಬಿಲ್ ಸ್ಕೋರು ಇಬ್ಬರದ್ದೂ ಬೀಳುತ್ತೆ.

ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಸಿ ಮನೆ ಬಿಟ್ಟುಕೊಟ್ಟರೂ ಸಾಲದಿಂದ ಹೆಸರು ಹೋಗಲ್ಲ. ಎಷ್ಟೋ ಹೆಣ್ಣುಮಕ್ಕಳು ಸಿಕ್ಕಿಹಾಕಿಕೊಳ್ಳೋದು ಇಲ್ಲೇ. ಹೆಸರು ತೆಗೆಯೋಕೆ, ಉಳಿಯೋ ಒಬ್ಬರ ಆದಾಯ ನೋಡಿ ಬ್ಯಾಂಕು ಒಪ್ಪಬೇಕು, ಇಲ್ಲ ಮನೆ ಮಾರಿ ತೀರಿಸಬೇಕು. ಬೇರೆಯಾಗುವ ಮಾತು ಬಂದಾಗಲೇ, ಮನಸ್ಸು ಎಷ್ಟೇ ಕಹಿಯಾಗಿದ್ದರೂ, ದಯವಿಟ್ಟು ಒಮ್ಮೆ ಇಬ್ಬರೂ ಬ್ಯಾಂಕಿಗೆ ಹೋಗಿ ಬನ್ನಿ.

ಮೊನ್ನೆ ಅವಳು ಬಳೆ ಅಡವಿಟ್ಟು ಮೂರು ಕಂತು ಕಟ್ಟಿದಳು. ಜೊತೆಗೆ ನಾನೂ ಹೋಗಿದ್ದೆ. ರಸೀದಿಯಲ್ಲಿ ಮೊದಲು ಅವರ ಹೆಸರು, ಆಮೇಲೆ ಇವಳದ್ದು.