ಹೂದಾನಿಯ ನೀರು

ಒಬ್ಬ ಉಪಾಧ್ಯಾಯರು ಮೂವತ್ತೈದು ವರ್ಷ ಕನ್ನಡ ಪಾಠ ಹೇಳಿ ನಿವೃತ್ತರಾದರು. ಬೆಂಗಳೂರಿನ ಹೊರವಲಯದಲ್ಲಿದ್ದ ಅವರ ಶಾಲೆಯಲ್ಲಿ ಬೀಳ್ಕೊಡುಗೆಯ ಸಮಾರಂಭ ನಡೆಯಿತು. ಭಾಷಣಗಳಾದವು; ಶಾಲು ಹೊದಿಸಿದ್ದಾಯಿತು; ಸುಗಂಧರಾಜದ ಹಾರಗಳು ಒಂದರ ಮೇಲೊಂದು ಕೊರಳಿಗೆ ಬಿದ್ದು ಕಡೆಗೆ ಮೇಷ್ಟರ ಮುಖದಲ್ಲಿ ಕನ್ನಡಕವಷ್ಟೇ ಕಾಣುವಂತಾಯಿತು. ಎಲ್ಲವನ್ನೂ ಆಟೋರಿಕ್ಷಾದಲ್ಲಿ ಹೇರಿಕೊಂಡು ಅವರು ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ಮರುದಿನ ಬೆಳಗ್ಗೆ ಎದ್ದು ನೋಡಿದರೆ ಹಾರಗಳೆಲ್ಲ ಕಂದಿ ಹಳದಿಯಾಗಿದ್ದವು. ಭಾಷಣಗಳಂತೂ ರಾತ್ರಿಯೇ ಮರೆತುಹೋಗಿದ್ದವು.

ಕಂದದೆ ಉಳಿದದ್ದು ಒಂದೇ ಒಂದು ಕಟ್ಟು. ಸಭೆ ಮುಗಿದು ಜನ ಚದುರುತ್ತಿದ್ದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅದನ್ನು ತಂದುಕೊಟ್ಟಿದ್ದಳು. ನಾಲ್ಕು ಕೆಂಪು ಗುಲಾಬಿ, ಮೂರು ಗ್ಲಾಡಿಯೋಲಸ್ ದಂಟು. ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ, ಅದರ ಮೇಲೆ ಬಾಳೆಪಟ್ಟೆಯನ್ನಿಟ್ಟು, ಬಾಳೆನಾರಿನಿಂದಲೇ ಬಿಗಿದಿತ್ತು. ಜರಿಕಾಗದವಿಲ್ಲ, ಹೊಳೆಯುವ ರಿಬ್ಬನ್ನಿಲ್ಲ. ಕೊಡುವಾಗ ಹುಡುಗಿ ತಲೆ ತಗ್ಗಿಸಿಕೊಂಡೇ ಹೇಳಿದ್ದಳು: "ಸಾರ್, ಮನೆಗೆ ಹೋದ ಕೂಡಲೆ ದಂಟಿನ ತುದಿಯನ್ನು ನೀರಿನೊಳಗೇ ಹಿಡಿದು ಓರೆಯಾಗಿ ಕತ್ತರಿಸಬೇಕು. ದಿನಾ ನೀರು ಬದಲಾಯಿಸಬೇಕು. ಮರೀಬೇಡಿ ಸಾರ್." ಪಾಠ ಹೇಳುವವರು ಯಾರು, ಕೇಳುವವರು ಯಾರು ಎಂಬುದು ಅಲ್ಲಿ ಒಂದು ಗಳಿಗೆ ಅದಲುಬದಲಾಗಿತ್ತು.

ಆ ಮನೆಯಲ್ಲಿ ಹೂದಾನಿಯೇ ಇರಲಿಲ್ಲ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಕನ್ನಡ ನಾಡಿನ ಹಳೆಯ ಮನೆಗಳಲ್ಲಿ ಹೂವಿಗೆ ಎರಡೇ ನೆಲೆ: ಒಂದು ದೇವರ ಮುಡಿ, ಇನ್ನೊಂದು ಹೆಣ್ಣುಮಕ್ಕಳ ಮುಡಿ. ಹಬ್ಬ ಬಂದರೆ ಬಾಗಿಲಿಗೆ ಮಾವಿನೆಲೆಯ ಜೊತೆ ಚೆಂಡುಹೂವಿನ ತೋರಣ. ದೇವರಿಗೆಂದು ತಂದ ಹೂವನ್ನು ಯಾರೂ ಮೂಸಿನೋಡಬಾರದು. ಏರಿಸಿದ ಹೂ ಮರುದಿನ ನಿರ್ಮಾಲ್ಯವಾಗಿ ಗಿಡದ ಬುಡ ಸೇರಬೇಕು. ಹೀಗಿರುವಾಗ, ಮುಡಿಯುವುದಕ್ಕೂ ಅಲ್ಲದೆ ಪೂಜೆಗೂ ಅಲ್ಲದೆ ಸುಮ್ಮನೆ ನೋಡುವುದಕ್ಕೆಂದು ಹೂವನ್ನು ವಾರಗಟ್ಟಲೆ ಇಟ್ಟುಕೊಳ್ಳುವುದು ಮೇಷ್ಟರ ಮನೆಯಾಕೆಗೆ ಸ್ವಲ್ಪ ವಿಚಿತ್ರವಾಗಿಯೇ ಕಂಡಿತು. ಆದರೂ ಅಟ್ಟದಿಂದ ಕಿರಿದಾದ ಬಾಯಿಯ ಹಿತ್ತಾಳೆಯ ಚೊಂಬೊಂದನ್ನು ಇಳಿಸಿ, ಹುಣಿಸೆಹಣ್ಣು ಹಾಕಿ ಬೆಳಗಿ ಕೊಟ್ಟರು. "ಹೇಗೂ ಇನ್ನು ನಿಮಗೆ ಹೊತ್ತು ಹೋಗಬೇಕಲ್ಲ" ಎಂದರು. ಮಾತಿನಲ್ಲಿ ಕೊಂಕಿರಲಿಲ್ಲ, ಆದರೂ ಅದು ಮೇಷ್ಟರಿಗೆ ಸ್ವಲ್ಪ ನಾಟಿತು.

ಗಿಡದಿಂದ ಕೊಯ್ದ ಮಾತ್ರಕ್ಕೆ ಹೂ ಸಾಯುವುದಿಲ್ಲ. ಅದು ಉಸಿರಾಡುತ್ತಲೇ ಇರುತ್ತದೆ. ಎಲೆಗಳಿಂದಲೂ ದಳಗಳಿಂದಲೂ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ. ಹೋದಷ್ಟು ನೀರನ್ನು ಹಿಂದೆ ಬೇರು ಒದಗಿಸುತ್ತಿತ್ತು, ಈಗ ಆ ಬೇರಿಲ್ಲ. ದಂಟಿನೊಳಗೆ ಕೂದಲಿಗಿಂತಲೂ ಸೂಕ್ಷ್ಮವಾದ ನಾಳಗಳಿವೆ. ಕತ್ತರಿಸಿದ ದಂಟನ್ನು ಒಣಗಾಳಿಯಲ್ಲಿ ಹಿಡಿದರೆ ಆ ನಾಳಗಳು ನೀರಿಗೆ ಬದಲಾಗಿ ಗಾಳಿಯನ್ನೇ ಹೀರಿಕೊಳ್ಳುತ್ತವೆ. ಗಾಳಿಯ ಗುಳ್ಳೆ ಬಿರಡೆಯಂತೆ ನಾಳಕ್ಕೆ ಅಡ್ಡವಾಗಿ ಕುಳಿತರೆ, ಚೊಂಬಿನ ತುಂಬ ನೀರಿದ್ದರೂ ಹೂವಿಗೆ ಒಂದು ಹನಿ ದಕ್ಕದು. ಗುಲಾಬಿಯ ಕತ್ತು ಇದ್ದಕ್ಕಿದ್ದಂತೆ ಬಾಗಿ ಜೋತುಬೀಳುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ನೀರಿನೊಳಗೇ ಕತ್ತರಿಸಬೇಕೆಂದು ಹುಡುಗಿ ಹೇಳಿದ್ದರ ಗುಟ್ಟು ಇದು. ಓರೆಯಾಗಿ ಕತ್ತರಿಸಿದರೆ ದಂಟಿನ ತುದಿ ಪಾತ್ರೆಯ ತಳಕ್ಕೆ ಸಪಾಟಾಗಿ ಒತ್ತಿಕೊಂಡು ಮುಚ್ಚಿಹೋಗುವುದೂ ತಪ್ಪುತ್ತದೆ.

ಮೇಷ್ಟರು ಇದಿಷ್ಟನ್ನು ಶ್ರದ್ಧೆಯಿಂದಲೇ ಮಾಡಿದರು. ತಪ್ಪಿದ್ದು ಬೇರೆ ಕಡೆ. ಹೂವಿನ ನೀರಿಗೆ ಸಕ್ಕರೆ ಹಾಕಿದರೆ ಒಳ್ಳೆಯದೆಂದು ಯಾರೋ ಹೇಳಿದ್ದರು. ಅವರು ಧಾರಾಳವಾಗಿ ಎರಡು ಚಮಚ ಸುರಿದರು. ಎರಡನೆಯ ದಿನ ನೀರು ಕದಡಿತು. ಮೂರನೆಯ ದಿನ ನಾರತೊಡಗಿತು. ದಂಟನ್ನು ಮುಟ್ಟಿದರೆ ಲೋಳೆ. ಸಕ್ಕರೆ ಹೂವಿಗೆ ಆಹಾರವೆಂಬುದು ನಿಜ. ಆದರೆ ಸೂಕ್ಷ್ಮಜೀವಿಗಳಿಗೆ ಅದು ಇನ್ನೂ ಹೆಚ್ಚಿನ ಔತಣ. ಅವು ಬೆಳೆದು ಗುಂಪುಗಟ್ಟಿ ನಾಳಗಳ ಬಾಯನ್ನೇ ಮುಚ್ಚುತ್ತವೆ. ಸಕ್ಕರೆ ಹಾಕುವವರು ಜೊತೆಗೆ ತುಸು ನಿಂಬೆರಸವನ್ನೂ ಕ್ರಿಮಿನಾಶಕದ ಕೆಲವು ಹನಿಗಳನ್ನೂ ಹಾಕಲೇಬೇಕು. ಇಲ್ಲವಾದರೆ ಬರಿಯ ಶುದ್ಧ ನೀರೇ ಎಷ್ಟೋ ಮೇಲು. ನೀರಿನಲ್ಲಿ ಮುಳುಗುವ ಎಲೆಗಳನ್ನು ಅವರು ಬಿಡಿಸಿರಲಿಲ್ಲ, ಅವೂ ಕೊಳೆತಿದ್ದವು. ಸಾಲದುದಕ್ಕೆ ಸಮಾರಂಭದಲ್ಲಿ ಬಂದ ಹಣ್ಣಿನ ಬುಟ್ಟಿಯೂ ಅದೇ ಮೇಜಿನ ಮೇಲಿತ್ತು. ಹಣ್ಣಾಗುತ್ತಿರುವ ಬಾಳೆಯೂ ಸೇಬೂ ಎಥಿಲೀನ್ ಎಂಬ ಅನಿಲವನ್ನು ಹೊರಬಿಡುತ್ತವೆ. ಕಣ್ಣಿಗೆ ಕಾಣದ ಆ ಅನಿಲ ಕಾಯನ್ನು ಹಣ್ಣುಮಾಡುವಂತೆಯೇ ಹೂವಿನ ಮುಪ್ಪನ್ನೂ ಬೇಗ ತರುತ್ತದೆ. ಹಣ್ಣು ಹೂವುಗಳನ್ನು ಒಂದೇ ತಟ್ಟೆಯಲ್ಲಿಟ್ಟು ಗೌರವಿಸುವ ಜನ ಈ ಹಗೆತನವನ್ನು ಊಹಿಸಲಾರರು.

ಎರಡು ಗುಲಾಬಿಗಳು ಕತ್ತು ಹಾಕಿದ್ದವು. ಮೇಷ್ಟರಿಗೆ ಹುಡುಗಿಯ ಮುಖ ನೆನಪಾಯಿತು. ಜೊತೆಗೆ ಬೇರೊಂದು ಸಂಗತಿಯೂ ನೆನಪಾಯಿತು. ಅದು ಅಷ್ಟು ಹಿತವಾದುದಲ್ಲ. ಆ ವರ್ಷವೆಲ್ಲ ಮೊದಲನೆಯ ಪಿರಿಯಡ್ಡಿನಲ್ಲಿ ಆಕೆ ತೂಕಡಿಸುತ್ತಿದ್ದಳು. ಎರಡು ಸಲ ಮೇಷ್ಟರು ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ಒಂದು ಸಲ ಇಡೀ ತರಗತಿ ನಗುವಂಥ ಮಾತನ್ನೂ ಆಡಿದ್ದರು. ಏಕೆ ನಿದ್ದೆ ಬರುತ್ತದೆಂದು ಕೇಳಿರಲಿಲ್ಲ.

ನಾಲ್ಕನೆಯ ದಿನ ಬೆಳಗಿನ ಜಾವ ಅವರು ಬಸ್ ನಿಲ್ದಾಣದ ಕಡೆ ಹೊರಟರು. ಹುಡುಗಿಯ ತಾಯಿ ಅಲ್ಲಿ ಹೂ ಮಾರುತ್ತಾಳೆಂದು ಕೇಳಿದ್ದರು. ಇನ್ನೂ ಕತ್ತಲೆ. ಬೀದಿದೀಪದ ಕೆಳಗೆ ಒದ್ದೆ ಗೋಣಿಯ ಮೇಲೆ ಮಲ್ಲಿಗೆ, ಕಾಕಡ, ಕನಕಾಂಬರ, ಮರುಗ ರಾಶಿ ಬಿದ್ದಿದ್ದವು. ತಾಯಿಯ ಎದುರಿಗೆ ಮಗಳು ಕುಳಿತು ಕಟ್ಟುತ್ತಿದ್ದಳು. ಅವಳ ಬೆರಳುಗಳನ್ನು ನೋಡುವುದೇ ಒಂದು ಬೆರಗು. ಎರಡು ಮೊಗ್ಗು ಈ ಕಡೆ, ಎರಡು ಮೊಗ್ಗು ಆ ಕಡೆ. ನಾರಿನ ಒಂದು ಸುತ್ತು, ಒಂದು ಕುಣಿಕೆ. ಕಣ್ಣು ಅತ್ತ ನೋಡುವ ಅಗತ್ಯವೇ ಇಲ್ಲ. ಪಕ್ಕದಲ್ಲಿ ಪಾಠದ ಪುಸ್ತಕ ತೆರೆದಿತ್ತು. ಮೇಷ್ಟರನ್ನು ಕಂಡು ಗಾಬರಿಯಿಂದ ಎದ್ದು ನಿಂತಳು.

"ಕೂತ್ಕೋಮ್ಮ, ಕೂತ್ಕೋ" ಎಂದರು ಮೇಷ್ಟರು. "ಎಷ್ಟು ಹೊತ್ತಿಗೆ ಏಳುತ್ತೀ?"

"ಮೂರು ಗಂಟೆಗೆ ಸಾರ್. ಅಮ್ಮ ಮಾರ್ಕೆಟ್ಟಿಂದ ಬರೋ ಹೊತ್ತಿಗೆ ನಾರು ನೆನೆಸಿಟ್ಟಿರಬೇಕು."

ಮೇಷ್ಟರು ಮುಂದೆ ಏನನ್ನೂ ಕೇಳಲಿಲ್ಲ. ಹೇಳಬೇಕೆಂದು ಬಂದದ್ದು ಬೇರೆಯೇ ಇತ್ತು. ಅದು ಗಂಟಲಲ್ಲಿ ನಿಂತಿತು. ಕಡೆಗೆ, "ಎರಡು ಗುಲಾಬಿ ಕತ್ತು ಹಾಕಿವೆ" ಎಂದಷ್ಟೇ ಹೇಳಿದರು. ಹುಡುಗಿಗೆ ಒಮ್ಮೆಲೆ ಧೈರ್ಯ ಬಂತು. "ದಂಟನ್ನು ಇನ್ನೊಂದು ಅಂಗುಲ ಕತ್ತರಿಸಿ, ಹೂವಿನ ಸಮೇತ ಬಕೆಟ್ಟಿನ ನೀರಲ್ಲಿ ಮಲಗಿಸಿಬಿಡಿ ಸಾರ್. ಅರ್ಧ ಗಂಟೆಗೆ ತಲೆ ಎತ್ತುತ್ತೆ" ಎಂದಳು.

ಈ ಜನರ ದುಡಿಮೆಗೆ ಬೇರೆ ವ್ಯಾಪಾರಗಳಿಗಿಲ್ಲದ ಒಂದು ಅವಸರವಿದೆ. ಅಕ್ಕಿಯ ಮೂಟೆ ನಾಳೆಗೂ ಅಕ್ಕಿಯೇ. ಮಲ್ಲಿಗೆಯ ಮೊಗ್ಗು ಸಂಜೆಗೆ ಅರಳಿಬಿಡುತ್ತದೆ, ಮರುದಿನಕ್ಕೆ ಕಸ. ಆದ್ದರಿಂದಲೇ ಮಲ್ಲಿಗೆಯನ್ನು ಅರಳುವ ಮುನ್ನ, ಬಿಳುಪೇರಿ ತುಂಬಿಕೊಂಡ ಮೊಗ್ಗಿರುವಾಗಲೇ ಬಿಡಿಸುತ್ತಾರೆ. ಹಸಿರು ಛಾಯೆ ಮಾಸದ ಎಳೆಮೊಗ್ಗು ಅರಳದೆಯೇ ಒಣಗುತ್ತದೆ. ಉಡುಪಿಯ ಬಳಿಯ ಶಂಕರಪುರದ ಕಡೆ ಈ ಲೆಕ್ಕ ಇನ್ನೂ ಕಟ್ಟುನಿಟ್ಟು: ಎಂಟುನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಟ್ಟೆಯ ಬೆಲೆ ದಿನದಿನಕ್ಕೂ ಬೇರೆ. ಮದುವೆಯ ದಿನಗಳಲ್ಲಿ ಗಗನಕ್ಕೇರಿದ ದರ, ಶುಭಕಾರ್ಯಗಳಿಲ್ಲದ ಆಷಾಢದಲ್ಲಿ ನೆಲಕ್ಕಿಳಿಯುತ್ತದೆ. ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಬೆಳಕು ಹರಿಯುವ ಮೊದಲೇ ಚೆಂಡುಹೂ, ಸೇವಂತಿಗೆಗಳ ಗುಡ್ಡಗಳು ಏಳುತ್ತವೆ, ಕರಗುತ್ತವೆ. ಕರಗದೆ ಉಳಿದುದನ್ನು ಬೀದಿ ಗುಡಿಸುವವರು ಗಾಡಿಗೆ ತುಂಬುತ್ತಾರೆ. ಹೂವಿನೊಡನೆ ಚೌಕಾಸಿ ಮಾಡುವವರಿಗೆ ಆ ಗಾಡಿಯನ್ನು ಒಮ್ಮೆ ತೋರಿಸಬೇಕು.

ಹೂವನ್ನು ಜೋಡಿಸುವುದೂ ಒಂದು ವಿದ್ಯೆಯೇ. ಜಪಾನಿನಲ್ಲಿ ಅದು ಬುದ್ಧನ ಮುಂದೆ ಹೂವಿಡುವ ಆಚರಣೆಯಿಂದ ಬೆಳೆದು ಇಕೆಬಾನ ಎಂಬ ಕಲೆಯಾಗಿದೆ. ಅಲ್ಲಿ ಆಕಾಶ, ಮನುಷ್ಯ, ಭೂಮಿಗಳನ್ನು ಸೂಚಿಸುವ ಮೂರು ಕಡ್ಡಿಗಳ ನಡುವಣ ಖಾಲಿ ಜಾಗಕ್ಕೂ ಹೂವಿನಷ್ಟೇ ಬೆಲೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿ 1889ರಲ್ಲಿ ಶಂಕುಸ್ಥಾಪನೆಯಾದ ಗಾಜಿನಮನೆಯಲ್ಲಿ ಜನವರಿ, ಆಗಸ್ಟ್ ತಿಂಗಳುಗಳ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಲಕ್ಷಗಟ್ಟಲೆ ಹೂಗಳು ಗುಡಿಯೋ ಗೋಪುರವೋ ಆಗಿ ನಿಲ್ಲುತ್ತವೆ. ನೋಡುವುದಕ್ಕೆ ಅದೊಂದು ವೈಭವ. ಆದರೆ ಗುಂಪಿನಲ್ಲಿ ಒಂದೊಂದು ಹೂವಿನ ಮುಖ ಕಾಣುವುದಿಲ್ಲ. ಮನೆಯ ಮಟ್ಟಿಗೆ ಹೆಚ್ಚಿನ ನಿಯಮಗಳು ಬೇಡ. ಪಾತ್ರೆಗಿಂತ ಹೂಗಳು ತುಸು ಎತ್ತರವಿರಲಿ, ಒಂದನ್ನೊಂದು ಒತ್ತದಿರಲಿ, ಬಿಸಿಲಿಗೂ ಫ್ಯಾನಿನ ಗಾಳಿಗೂ ನೇರವಾಗಿ ಸಿಕ್ಕದಿರಲಿ, ಅಷ್ಟು ಸಾಕು.

ಬಕೆಟ್ಟಿನಲ್ಲಿ ಮಲಗಿದ ಗುಲಾಬಿಗಳಲ್ಲಿ ಒಂದು ತಲೆ ಎತ್ತಿತು, ಇನ್ನೊಂದು ಎತ್ತಲಿಲ್ಲ. ಮೇಷ್ಟರು ಈಗ ನಿತ್ಯವೂ ಕಾಫಿಗೆ ಮೊದಲು ಚೊಂಬನ್ನು ಬೆಳಗಿ, ನೀರು ತುಂಬಿ, ದಂಟುಗಳನ್ನು ಚೂರುಚೂರೇ ಕತ್ತರಿಸುತ್ತಿದ್ದರು. ಗ್ಲಾಡಿಯೋಲಸ್ ಬುಡದಿಂದ ತುದಿಗೆ ಅರಳುವ ಹೂ. ಕೆಳಗಿನ ಬಾಡಿದ ಹೂಗಳನ್ನು ಕಿತ್ತರೆ ಮೇಲಿನ ಮೊಗ್ಗು ಕಣ್ಣು ತೆರೆಯುತ್ತದೆ. ದಂಟು ದಿನದಿನಕ್ಕೆ ಗಿಡ್ಡವಾಗಿ ಚೊಂಬಿನಿಂದ ಸ್ಟೀಲಿನ ಲೋಟಕ್ಕೆ, ಲೋಟದಿಂದ ಬಟ್ಟಲಿಗೆ ಬಂತು. ಹತ್ತನೆಯ ದಿನ ಬಟ್ಟಲಿನ ನೀರಿನ ಮೇಲೆ ಒಂದು ಹೂ ತೇಲುತ್ತಿತ್ತು. ಅದೂ ಬಾಡಿದಾಗ ಮನೆಯಾಕೆಯೇ ಅದನ್ನೆತ್ತಿ, ದೇವರ ನಿರ್ಮಾಲ್ಯದ ಜೊತೆಗೇ ಪರಂಗಿ ಗಿಡದ ಬುಡಕ್ಕೆ ಹಾಕಿ ಬಂದರು. "ಚೊಂಬು ಬರಿದಾಗಿದೆಯಲ್ಲ, ಇನ್ನೇನು ತರುತ್ತೀರಿ?" ಎಂದು ಕೇಳಿದರು.

ಮರುದಿನ ಮೇಷ್ಟರು ಮತ್ತೆ ಬಸ್ ನಿಲ್ದಾಣಕ್ಕೆ ಹೋದರು. ಹುಡುಗಿ ಅವರನ್ನೇ ಆರಿಸಿಕೊಳ್ಳುವಂತೆ ಹೇಳಿದಳು. ಅವರು ಚೆನ್ನಾಗಿ ಅರಳಿದ ದೊಡ್ಡದೊಂದು ಗುಲಾಬಿಯನ್ನು ಎತ್ತಿಕೊಂಡರು. ಆಕೆ ನಕ್ಕು, ಅವರ ಕೈಯಿಂದ ಅದನ್ನು ಬಿಡಿಸಿಕೊಂಡಳು. "ಇದು ಇವತ್ತಿಗೆ ಚೆಂದ ಸಾರ್, ಅಷ್ಟೇ. ಬುಡದ ಹತ್ತಿರ ಮೆಲ್ಲಗೆ ಅದುಮಿ ನೋಡಿ, ಮೆತ್ತಗಿದೆ. ಗಟ್ಟಿಯಾಗಿರೋದನ್ನ ತಗೋಬೇಕು." ಹೊರಗಿನ ಎರಡೇ ದಳ ಬಿಡಿಸಿಕೊಂಡಿದ್ದ ಮೊಗ್ಗೊಂದನ್ನು ಹುಡುಕಿ ಕೊಟ್ಟಳು. ಮೇಷ್ಟರು ಅದನ್ನು ಎರಡು ಬೆರಳಿನಿಂದ ಅದುಮಿ ನೋಡಿ, ಗೋಣಿಯ ಅಂಚಿನಲ್ಲಿ ಕುಳಿತು, ತೆರೆದಿದ್ದ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡರು. "ಎಲ್ಲಿಗೆ ಬಂದಿದ್ದೀರಿ, ಯಾವ ಪಾಠ? ನೀನು ಕಟ್ಟುತ್ತಿರು, ನಾನು ಓದುತ್ತೇನೆ" ಎಂದರು.