ಗಂಟುಕಟ್ಟದ ಹನಿ

ಯಾವ ಊರಲ್ಲಿ ಯಾವ ರೋಗ ಏಳುತ್ತಿದೆ ಅಂತ ಈಗ ಕಂಪ್ಯೂಟರೇ ಮೊದಲು ಹೇಳುತ್ತದೆ ಅಂತೀರಲ್ಲ, ಹೇಳಲಿ ಬಿಡಿ. ನಾನು ಹೇಳಹೊರಟದ್ದು ಅದು ಯಾವುದೂ ಇಲ್ಲದ ಕಾಲದ್ದು. 1993ರ ಕಲ್ಕತ್ತೆ. ಔಷಧಿ ಕಂಪನಿಯೊಂದರ ರೆಪ್ ಆಗಿದ್ದೆ. ಸೊರಬದ ಕಡೆಯ ಹುಡುಗನನ್ನು ತೆಗೆದುಕೊಂಡು ಹೋಗಿ ಸಿಯಾಲ್ದಾಕ್ಕೆ ಹಾಕಿದ್ದರು. ಬೈಠಕ್‌ಖಾನಾ ಬಜಾರಿನ ಹಿಂದೆ ಒಂದು ಮೆಸ್ಸಿನಲ್ಲಿ ವಾಸ, ಕೈಯಲ್ಲಿ ಚರ್ಮದ ಬ್ಯಾಗು, ಅದರಲ್ಲಿ ಕೋಟ್ರಿಮಾಕ್ಸಜೋಲ್ ಸ್ಯಾಂಪಲ್ಲು, ಟೆಟ್ರಾಸೈಕ್ಲಿನ್ ಸ್ಯಾಂಪಲ್ಲು, ಒಆರ್‌ಎಸ್ ಪೊಟ್ಟಣ.

ಸಿಯಾಲ್ದಾ ಅಂದರೆ ಬರೀ ಸ್ಟೇಷನ್ ಅಂದುಕೊಳ್ಳಬೇಡಿ. ಹೌರಾಕ್ಕೆ ದೇಶದ ರೈಲು ಬರುತ್ತವೆ, ಸಿಯಾಲ್ದಾಕ್ಕೆ ಜಿಲ್ಲೆಯ ರೈಲು. ಬನಗಾಂವ್, ಕ್ಯಾನಿಂಗ್, ಡೈಮಂಡ್ ಹಾರ್ಬರ್, ಲಕ್ಷ್ಮೀಕಾಂತಪುರ, ಕೃಷ್ಣನಗರ. ಬೆಳಗಿನ ಜಾವವೇ ಸುಂದರಬನದ ಕಡೆಯ ಮೀನು ಬುಟ್ಟಿಗಳಲ್ಲಿ ನೀರು ಸುರಿಸುತ್ತ ಇಳಿಯುತ್ತದೆ, ಮಿಠಾಯಿಯವರ ಛೇನಾ ಇಳಿಯುತ್ತದೆ, ಕೋಲೆ ಮಾರ್ಕೆಟ್ಟಿಗೆ ತರಕಾರಿ ಇಳಿಯುತ್ತದೆ. ಮನೆಗೆಲಸದ ಹೆಂಗಸರು, ಗುಮಾಸ್ತರು, ಕೋರ್ಟಿನವರು. ಇವರೆಲ್ಲ ಡೇಲಿ ಪ್ಯಾಸೆಂಜರ್‌ಗಳು. ಒಂದೇ ಬೋಗಿ, ಒಂದೇ ಮೂಲೆ, ಅದೇ ಇಸ್ಪೀಟು. ಒಬ್ಬ ಎರಡು ದಿನ ಬರಲಿಲ್ಲ ಎಂದರೆ ಮೂರನೆಯ ದಿನ ಬೋಗಿಗೆಲ್ಲ ಕಾರಣ ಗೊತ್ತು. ಭೇದಿಯೋ, ಸಾವೋ, ಮದುವೆಯೋ. ಡಾಕ್ಟರಿಗಿಂತ ಮೊದಲು, ಮುನಿಸಿಪಾಲಿಟಿಗಿಂತ ಎಷ್ಟೋ ಮೊದಲು. ಬಾರಾಸಾತ್ ಕಡೆಗೆ ಕಾಲ್ಸ್‌ಗೆ ಹೋಗುವಾಗ ನಾನೂ ಅವರ ನಡುವೆ ತೂರಿಕೊಳ್ಳುತ್ತಿದ್ದೆ. ಆ ಚಳಿಗಾಲದ ಕೊನೆಯಲ್ಲಿ ಅಲ್ಲಿ ಕೇಳಿದ ಸುದ್ದಿಯಲ್ಲಿ ಒಂದು ವಿಚಿತ್ರವಿತ್ತು. ಬಿದ್ದವರು ಮಕ್ಕಳಲ್ಲ. ಗಟ್ಟಿ ಆಳುಗಳು, ಗಂಡಸರು, ಮನೆ ನಡೆಸುವ ಹೆಂಗಸರು. ರಾತ್ರಿ ಊಟ ಮಾಡಿ ಮಲಗಿದವನು ಬೆಳಿಗ್ಗೆ ಕೈಕಾಲು ಸೆಟೆದು, ಕಣ್ಣು ಗುಳಿಬಿದ್ದು, ಅಕ್ಕಿ ತೊಳೆದ ನೀರಿನ ಹಾಗೆ ಹೋಗುತ್ತಿದ್ದಾನೆ ಅಂತ.

ಇದರಲ್ಲಿ ವಿಚಿತ್ರವೇನು ಅಂತೀರಾ? ಬಂಗಾಳದಲ್ಲಿ ಕಾಲರಾ ಹೊಸತಲ್ಲ. ಹಿಂದೂಗಳೂ ಮುಸಲ್ಮಾನರೂ ಸೇರಿ ಅದಕ್ಕೊಬ್ಬ ದೇವಿಯನ್ನೇ ಮಾಡಿಕೊಂಡಿದ್ದಾರೆ, ಓಲಾಬೀಬಿ ಅಂತ. ವರ್ಷವರ್ಷವೂ ಬರುವ ಕಡೆ ದೊಡ್ಡವರ ಮೈ ಅದನ್ನು ಮೊದಲೇ ಕಂಡಿರುತ್ತದೆ, ಅಷ್ಟಿಷ್ಟು ತಡೆಯುತ್ತದೆ. ಏಟು ಬೀಳುವುದು ಮಕ್ಕಳಿಗೆ. ಅಂಥ ಊರಲ್ಲಿ ವಯಸ್ಕರು ಸಾಲುಸಾಲಾಗಿ ಮಲಗಿದರೆ, ಬಂದಿರುವವನು ಹಳಬನಲ್ಲ ಎಂದರ್ಥ.

ಅವರೆಲ್ಲ ಹೋಗಿ ಸೇರುತ್ತಿದ್ದದ್ದು ಬೇಲೆಘಾಟಾದ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಗೆ. ಸಿಯಾಲ್ದಾದಿಂದ ಪೂರ್ವಕ್ಕೆ, ಕಾಲುವೆ ದಾಟಿದರೆ ಬೇಲೆಘಾಟಾ. 1884ರಲ್ಲಿ ಜರ್ಮನಿಯ ರಾಬರ್ಟ್ ಕೋಖ್ ಅಲ್ಲಿಯ ಸಾಹೇಬ್ ಬಾಗಾನ್ ಎಂಬ ಜಾಗದ ಕೆರೆಯ ನೀರಿನಲ್ಲೇ ಕಾಲರಾ ಕ್ರಿಮಿಯನ್ನು ಕಂಡದ್ದು. ಸಿಯಾಲ್ದಾ ಫ್ಲೈಓವರಿನ ಮಗ್ಗುಲಲ್ಲಿರುವ ನೀಲರತನ್ ಸರ್ಕಾರ್ ಮೆಡಿಕಲ್ ಕಾಲೇಜಿನಲ್ಲಿ ಶಂಭುನಾಥ ಡೇ ಎಂಬುವರು 1953ರಲ್ಲಿ ಮೊಲದ ಕರುಳಿನ ತುಂಡು ಕಟ್ಟಿ ಈ ಕ್ರಿಮಿ ಹೇಗೆ ನೀರು ಸುರಿಸುತ್ತದೆ ಅಂತ ತೋರಿಸಿದರು, ಮುಂದೆ ಕಲ್ಕತ್ತಾ ಮೆಡಿಕಲ್ ಕಾಲೇಜಿಗೆ ಹೋದ ಮೇಲೆ 1959ರಲ್ಲಿ ಅದರ ವಿಷವನ್ನೇ ಹಿಡಿದರು. ಅಂದರೆ ಕಾಲರಾದ ಬಗ್ಗೆ ಜಗತ್ತಿಗೆ ಗೊತ್ತಿರುವುದರಲ್ಲಿ ಬಹುಪಾಲು ನನ್ನ ಟೆರಿಟರಿಯೊಳಗೇ ಗೊತ್ತಾದದ್ದು! ಇದನ್ನು ನಮ್ಮ ಮೆಸ್ಸಿನಲ್ಲಿ ಯಾರಿಗೂ ಹೇಳಿ ಪ್ರಯೋಜನವಿರಲಿಲ್ಲ. ಅವರಿಗೆ ಫುಟ್‌ಬಾಲಿನ ಮೋಹನ್ ಬಾಗಾನ್ ಬಿಟ್ಟು ಬೇರೆ ಬಾಗಾನ್ ಬೇಡ.

ಬೇಲೆಘಾಟಾ ಆಸ್ಪತ್ರೆಯ ಕಾಲರಾ ವಾರ್ಡನ್ನು ನೋಡಿದವರು ಮರೆಯುವುದಿಲ್ಲ. ಕ್ಯಾನ್ವಾಸಿನ ಮಂಚ, ನಡುವೆ ಒಂದು ತೂತು, ಕೆಳಗೆ ಬಕೆಟ್ಟು. ಹೋದದ್ದನ್ನು ಬಕೆಟ್ಟಿನಲ್ಲಿ ಅಳೆದು ಅಷ್ಟನ್ನೇ ಸಲೈನಿನಲ್ಲಿ, ಒಆರ್‌ಎಸ್ಸಿನಲ್ಲಿ ಮೈಗೆ ಹಿಂದಕ್ಕೆ ಕೊಡಬೇಕು. ಚಿಕಿತ್ಸೆ ಅಂದರೆ ಅಷ್ಟೇ, ಆದರೆ ಅದೇ ಎಲ್ಲ. ಸಿಯಾಲ್ದಾದ ಹಳಿ ಹೋಗಿ ಮುಟ್ಟುವ ಬನಗಾಂವ್‌ನಲ್ಲಿ 1971ರ ನಿರಾಶ್ರಿತರಿಗೆ ದಿಲೀಪ್ ಮಹಲನಬಿಸ್ ಡ್ರಮ್ಮುಗಳಲ್ಲಿ ಉಪ್ಪು ಸಕ್ಕರೆಯ ನೀರು ಕಲಸಿ ಕುಡಿಸಿಯೇ ಸಾವಿರಾರು ಜನರನ್ನು ಉಳಿಸಿದ್ದರು.

ವಾರ್ಡಿನ ಪಕ್ಕದಲ್ಲೇ ಆಗ ನೈಸೆಡ್ ಅಂತ ಕರೆಯುತ್ತಿದ್ದ ರಾಷ್ಟ್ರೀಯ ಕಾಲರಾ ಸಂಸ್ಥೆ. 1962ರಲ್ಲಿ ಕಾಲರಾ ಸಂಶೋಧನಾ ಕೇಂದ್ರವಾಗಿ ಹುಟ್ಟಿ 1979ರಲ್ಲಿ ಆ ಹೆಸರು ಪಡೆದದ್ದು. ಬಕೆಟ್ಟಿನಿಂದ ತೆಗೆದ ಮಾದರಿ ಅಲ್ಲಿಗೆ ಹೋಗುತ್ತದೆ. ಕ್ರಿಮಿ ಬೆಳೆಸುತ್ತಾರೆ, ಗಾಜಿನ ಪಟ್ಟಿಯ ಮೇಲಿಟ್ಟು ಒ1 ಎಂಬ ಸೀರಮ್ಮಿನ ಹನಿ ಹಾಕಿ ಕಲಕುತ್ತಾರೆ. ಕಾಲರಾ ಆದರೆ ಕ್ಷಣದಲ್ಲಿ ಹಾಲು ಒಡೆದ ಹಾಗೆ ಗಂಟುಕಟ್ಟುತ್ತದೆ. ಕಾಲರಾ ಕ್ರಿಮಿಯ ಜಾತಿಯಲ್ಲಿ ಆಗ ಗೊತ್ತಿದ್ದ ಪಂಗಡಗಳು 138. ಊರೂರಿಗೆ ಹಬ್ಬುತ್ತಿದ್ದದ್ದು ಒ1 ಒಂದೇ. ಉಳಿದವೆಲ್ಲ ‘ಒ1 ಅಲ್ಲದವು’, ಅಲ್ಲೊಬ್ಬ ಇಲ್ಲೊಬ್ಬರಿಗೆ ಹೊಟ್ಟೆ ಕೆಡಿಸುವ ಸಣ್ಣಪುಟ್ಟವು. ಆ ಚಳಿಗಾಲದಲ್ಲಿ ಹನಿ ಗಂಟುಕಟ್ಟಲಿಲ್ಲ. ರೋಗಿ ಕಾಲರಾದಲ್ಲಿ ಸಾಯುತ್ತಿದ್ದಾನೆ, ಗಾಜಿನ ಮೇಲೆ ಮಾತ್ರ ಅದು ಕಾಲರಾ ಅಲ್ಲ.

ಇಲ್ಲಿ ಸ್ವಲ್ಪ ನಿಲ್ಲಿ. ನನಗೆ ಇಡೀ ಕಥೆಯಲ್ಲಿ ಮುಖ್ಯ ಅನಿಸುವುದು ಇದೇ. ಕಾಲರಾ ಎಂದು ಲೆಕ್ಕಕ್ಕೆ ಸೇರುತ್ತಿದ್ದದ್ದು ಒ1 ಬಂದರೆ ಮಾತ್ರ. ಹನಿ ಗಂಟುಕಟ್ಟದಿದ್ದರೆ ಆ ರೋಗಿ ಬೇರೆ ಕಲಮ್ಮಿಗೆ ಹೋಗುತ್ತಾನೆ. ಕಾಗದ ನಂಬಿದವನಿಗೆ ಊರಲ್ಲಿ ಕಾಲರಾ ಇಳಿಯುತ್ತಿದೆ ಅಂತಲೇ ಕಾಣುತ್ತದೆ. ಬೇಲೆಘಾಟಾದವರ ದೊಡ್ಡತನ ಅಂದರೆ ಬೇರೆ ಕಲಮ್ಮು ಯಾಕೆ ಉಬ್ಬುತ್ತಿದೆ ಅಂತ ಕೇಳಿದ್ದು. 1992ರ ಅಕ್ಟೋಬರಿನಿಂದ ಮದರಾಸಿನಲ್ಲಿ ಇಂಥದೇ ಕ್ರಿಮಿ ಸಿಕ್ಕಿತ್ತು, ಆಮೇಲೆ ವೆಲ್ಲೂರು, ಮಧುರೆ. ಅಲ್ಲಿಯದನ್ನೂ ಇಲ್ಲಿಯದನ್ನೂ ಪಕ್ಕಪಕ್ಕ ಇಟ್ಟು ನೋಡಿದರು, ಅಣ್ಣತಮ್ಮಂದಿರೇ. ಟಿ. ರಾಮಮೂರ್ತಿ, ಜಿ. ಬಾಲಕೃಷ್ ನಾಯರ್ ಮೊದಲಾದವರ ಕೆಲಸ ಅದು. 1993 ಹುಟ್ಟುವ ಹೊತ್ತಿಗೆ ಕಲ್ಕತ್ತೆಯಲ್ಲಿ ಹೊಸಬ ಹಳಬನನ್ನು ಆಚೆ ನೂಕಿಯಾಗಿತ್ತು.

ನಮ್ಮ ಸೊರಬದ್ದೂ ಇದೇ ಕಥೆ ಅಲ್ಲವೇ? 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಮರದಿಂದ ಸತ್ತು ಬೀಳುತ್ತಿದ್ದವು. ಮಂಗ ಸತ್ತರೆ ಬರೆದುಕೊಳ್ಳುವ ರಿಜಿಸ್ಟರು ಯಾವ ಆಸ್ಪತ್ರೆಯಲ್ಲಿತ್ತು? ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹಳದಿ ಜ್ವರವೇ ಬಂತೋ ಎಂಬ ಗಾಬರಿಯಲ್ಲಿ ಓಡಿಬಂದರು. ಅದಲ್ಲ, ಉಣ್ಣೆಹುಳುವಿನಿಂದ ಹರಡುವ ಹೊಸದೇ ವೈರಸ್ಸು. ಇವತ್ತಿಗೂ ಮಲೆನಾಡಿನಲ್ಲಿ ಮಂಗ ಸತ್ತರೆ ತಿಳಿಸಿ ಅನ್ನುತ್ತಾರಲ್ಲ, ಅದಕ್ಕಿಂತ ಒಳ್ಳೆಯ ಬೇಹುಗಾರಿಕೆ ನನಗೆ ಗೊತ್ತಿಲ್ಲ.

ಸರಿ, ಸಿಯಾಲ್ದಾಕ್ಕೆ ಬರೋಣ. ಊರಿನ ಕಿವಿ ಆಗ ಬೇರೆ ಕಡೆ ಇತ್ತು. ಡಿಸೆಂಬರಿನಲ್ಲಿ ಅಯೋಧ್ಯೆಯ ಗಲಾಟೆ, ಕರ್ಫ್ಯೂ, ಬೀದಿಯಲ್ಲಿ ಮಿಲಿಟರಿ. ಮಾರ್ಚ್ 16ರ ನಡುರಾತ್ರಿ ಬೌಬಜಾರಿನಲ್ಲಿ ಬಾಂಬು ಸಿಡಿದು ಮನೆಗಳೇ ಕುಸಿದು 69 ಜನ ಹೋದರು. ನಮ್ಮ ಮೆಸ್ಸಿನಿಂದ ನಡೆದು ಹೋಗುವಷ್ಟು ಹತ್ತಿರ. ಕಿಟಕಿ ನಡುಗಿ ನಾವೆಲ್ಲ ಮೆಟ್ಟಿಲಿಗೆ ಓಡಿಬಂದಿದ್ದೆವು. ತಿಂಗಳುಗಟ್ಟಲೆ ಪತ್ರಿಕೆಯಲ್ಲಿ ಅದೇ. ಅದೇ ಮಾರ್ಚಿನಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬೇಲೆಘಾಟಾದವರ ಪುಟ್ಟ ಬರಹ ಬಂತು: ದಕ್ಷಿಣ ಮತ್ತು ಪೂರ್ವ ಭಾರತದಲ್ಲಿ ಹೊಸ ಬಗೆಯ ಕಾಲರಾ ಕ್ರಿಮಿ, ಊರೂರಿಗೆ ಹರಡುವ ಶಕ್ತಿಯುಳ್ಳದ್ದು. ಬಾಂಬಿನ ಸದ್ದು ಎಲ್ಲರಿಗೂ ಕೇಳಿಸಿತು. ಇದನ್ನು ಓದಿದವರು ನಮ್ಮ ಏರಿಯಾದಲ್ಲಿ ಎಷ್ಟು ಮಂದಿಯೋ.

ಕ್ರಿಮಿ ಟೋಕಿಯೊಕ್ಕೂ ಹೋಯಿತು. ಅಲ್ಲಿ 138 ಸೀರಮ್ಮುಗಳಲ್ಲಿ ಒಂದಕ್ಕೂ ಬಗ್ಗಲಿಲ್ಲ. ಹಾಗಾಗಿ 139 ಅಂತ ಹೊಸ ನಂಬರು, ಜೊತೆಗೆ ‘ಬಂಗಾಳ’ ಎಂಬ ಅಡ್ಡಹೆಸರು. ಮದರಾಸಿನಲ್ಲಿ ಮೊದಲು ಕಂಡದ್ದಕ್ಕೆ ಬಂಗಾಳದ ಹೆಸರೇಕೆ ಅಂತ ನಮ್ಮ ತಮಿಳು ಮ್ಯಾನೇಜರು ಬಹಳ ದಿನ ತಮಾಷೆ ಮಾಡುತ್ತಿದ್ದ. ಬಾಂಗ್ಲಾದೇಶದಲ್ಲಿ ಅದು ಲಕ್ಷಕ್ಕೂ ಹೆಚ್ಚು ಜನರನ್ನು ಕೆಡವಿತು. ಎಂಟನೆಯ ಜಾಗತಿಕ ಕಾಲರಾ ಇದೇ ಇರಬೇಕು ಎಂದು ದೊಡ್ಡವರೆಲ್ಲ ಹೆದರಿದ್ದರು. ಹಾಗಾಗಲಿಲ್ಲ. ಒಂದೆರಡು ವರ್ಷದಲ್ಲಿ ಎಲ್ ಟೋರ್ ಎಂಬ ಬಗೆಯ ಹಳೆಯ ಒ1 ಮರಳಿ ಬಂದು ಜಾಗ ಹಿಡಿಯಿತು. ಕಾಗದ ಮಾತ್ರ ಬದಲಾಯಿತು: ಒ139 ಕೂಡ ಕಾಲರಾ ಅಂತ ಲೆಕ್ಕಕ್ಕೆ ಬಂತು.

ಮುಂದಿನದು ನಿಮಗೆ ಗೊತ್ತಿರುವುದೇ. 1994ರ ಸೆಪ್ಟೆಂಬರಿನಲ್ಲಿ ಸೂರತ್ ಪ್ಲೇಗು, ರೈಲು ತುಂಬಿ ಓಡಿದ ಜನ. ಆಗ ಸರ್ಕಾರಕ್ಕೆ ಎಚ್ಚರವಾಯಿತು. 1997ರಲ್ಲಿ ಕಣ್ಗಾವಲು ಕಾರ್ಯಕ್ರಮ, 2004ರಲ್ಲಿ ಐಡಿಎಸ್‌ಪಿ ಎಂಬ ಸಮಗ್ರ ರೋಗ ಕಣ್ಗಾವಲು ಯೋಜನೆ, 2008ರಲ್ಲಿ ದಿಲ್ಲಿಯಲ್ಲಿ ಪತ್ರಿಕೆ, ಟಿವಿ ಜಾಲಾಡಿ ಸುದ್ದಿ ಹೆಕ್ಕುವ ಘಟಕ. ಹೆಕ್ಕಿದ್ದನ್ನು ಜಿಲ್ಲೆಗೆ ಕಳಿಸಿ ನಿಜವೋ ಸುಳ್ಳೋ ಅಂತ ಕೇಳುತ್ತಾರೆ. ಆ ಕೇಳುವುದೇ ಮುಖ್ಯ. ಸುದ್ದಿ ಹೆಕ್ಕುವುದಕ್ಕೆ ಯಂತ್ರ ಸಾಕು, ಹೋಗಿ ಬಕೆಟ್ಟು ನೋಡಿಬರುವುದಕ್ಕೆ ಮನುಷ್ಯನೇ ಬೇಕು. 2019ರ ಡಿಸೆಂಬರಿನ ಕೊನೆಯಲ್ಲಿ ವುಹಾನಿನ ನ್ಯುಮೋನಿಯಾವನ್ನು ಇಂಥ ಜಾಲಗಳು ಕೂಡಲೇ ಹಿಡಿದವು. ಹಿಡಿದ ಮೇಲೆ ಜಗತ್ತು ಏನು ಮಾಡಿತು ಅನ್ನುವುದನ್ನು ಬೇರೆ ದಿನ ಮಾತಾಡೋಣ.

ನನ್ನದೊಂದು ಬಾಕಿ ಇದೆ. ಈ ಹೊಸ ಕ್ರಿಮಿಗೆ ಕೋಟ್ರಿಮಾಕ್ಸಜೋಲ್ ತಾಗುತ್ತಿರಲಿಲ್ಲ, ಟೆಟ್ರಾಸೈಕ್ಲಿನ್ ತಾಗುತ್ತಿತ್ತು. ಡಾಕ್ಟರುಗಳು ಬರೆಯುವುದನ್ನು ಬದಲಿಸಿದರು, ಅಂಗಡಿಯವರು ಆರ್ಡರು ಬದಲಿಸಿದರು. ನನ್ನ ತಿಂಗಳ ರಿಪೋರ್ಟಿನಲ್ಲಿ ಒಂದು ಗೆರೆ ಬಿದ್ದಿತ್ತು, ಇನ್ನೊಂದು ಎದ್ದಿತ್ತು. ಕಾರಣ ಬರೆಯಿರಿ ಅಂತ ಬೊಂಬಾಯಿಂದ ಫಾರಂ ಬಂತು. ಅದರಲ್ಲಿ ಅಚ್ಚಾಗಿದ್ದ ಕಾರಣಗಳು ಮೂರು: ಎದುರಾಳಿ ಕಂಪನಿಯ ಸ್ಕೀಮು, ಸ್ಟಾಕಿನ ಕೊರತೆ, ಹಬ್ಬದ ರಜೆ. ನಾನು ಮೂರಕ್ಕೂ ಗೀಟೆಳೆದು, ಹಾಳೆ ತಿರುಗಿಸಿ ಹಿಂದುಗಡೆ ಬರೆದೆ. ಮುಂದಿನ ತಿಂಗಳು ಸಿಯಾಲ್ದಾದ ಟೆಟ್ರಾಸೈಕ್ಲಿನ್ ಟಾರ್ಗೆಟ್ಟು ಹೆಚ್ಚಾಗಿ ಬಂತು.