ಕ್ರೂಗರ್: ಮಿತ ಖರ್ಚಿನ ಸಫಾರಿ

ಆಫ್ರಿಕದ ಸಫಾರಿ ಎಂದರೆ ಸಿರಿವಂತರ ಶೋಕಿ ಎಂಬ ಮಾತುಂಟು. ವಿಮಾನದ ಖರ್ಚೊಂದನ್ನು ಬಿಟ್ಟರೆ, ದಕ್ಷಿಣ ಆಫ್ರಿಕದ ಕ್ರೂಗರ್ ಈ ಮಾತನ್ನು ಸುಳ್ಳಾಗಿಸುತ್ತದೆ. 1926ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಕಾಡಿನ ವಿಸ್ತಾರ ಸುಮಾರು 19,500 ಚದರ ಕಿಲೋಮೀಟರ್. ಇಲ್ಲಿ ಜೀಪು, ಗೈಡು ಕಡ್ಡಾಯವಲ್ಲ; ಸಾಮಾನ್ಯ ಬಾಡಿಗೆ ಕಾರನ್ನು ತಾವೇ ಓಡಿಸಬಹುದು. ಸ್ಕುಕುಜಾ, ಸತಾರಾ ಶಿಬಿರಗಳಲ್ಲಿ ಡೇರೆ ಹಾಕಿ ಅಡುಗೆ ಮಾಡಿಕೊಂಡರೆ ಖರ್ಚು ಇನ್ನೂ ಇಳಿಯುತ್ತದೆ.

ಶಿಸ್ತು ಮಾತ್ರ ಕಟ್ಟುನಿಟ್ಟು. ಡಾಂಬರು ರಸ್ತೆಯಲ್ಲೂ ವೇಗ ಗಂಟೆಗೆ 50 ಕಿ.ಮೀ. ಮೀರುವಂತಿಲ್ಲ, ಕಂಡಲ್ಲಿ ಇಳಿಯುವಂತಿಲ್ಲ, ಗೇಟು ಮುಚ್ಚುವ ಮುನ್ನ ಶಿಬಿರ ಸೇರಲೇಬೇಕು. ಮಲೇರಿಯಾ ಭಯವಿರುವುದರಿಂದ ಹೊರಡುವ ಮುನ್ನ ವೈದ್ಯರ ಸಲಹೆಯೂ ಅಗತ್ಯ.

ಮೇಯಿಂದ ಸೆಪ್ಟೆಂಬರ್‌ವರೆಗೆ ಮಳೆಯಿಲ್ಲದೆ ಹುಲ್ಲು ಒಣಗಿ, ಪ್ರಾಣಿಗಳು ನೀರಿದ್ದೆಡೆ ಸೇರುತ್ತವೆ. ಸಿಂಹ ಹುಡುಕುತ್ತ ದಿನವಿಡೀ ಅಲೆಯುವ ಬದಲು ಲೋಯರ್ ಸಾಬಿ ಬಳಿಯ ಸನ್‌ಸೆಟ್ ಡ್ಯಾಮಿನ ಪಕ್ಕ ಎಂಜಿನ್ ಆರಿಸಿ ಕೂತರೆ ನೀರಾನೆ, ಮೊಸಳೆ, ಕೊಕ್ಕರೆಗಳು ಕಾಣಸಿಗುತ್ತವೆ. ತಾಳಿದವನು ಬಾಳಿಯಾನು ಎಂಬುದು ಕಾಡಿಗೂ ಒಪ್ಪುವ ಗಾದೆ.